ಬೈಲವಾಡದ ಸಣ್ಣಾಟ, ಬಿಗ್ ಬಾಸ್ ಮನೆ



ಬೈಲಹೊಂಗಲ ಸೀಮೆಯ ಹಿರಿಯರಿಗೆ ಸಂಗ್ಯಾ-ಬಾಳ್ಯಾನ ಕಥೆ ನಾನು ಹೇಳಬೇಕಾಗಿಲ್ಲ. ಅದು ಅವರು ಬೆಳತನಕ ಕೂತು ನೋಡಿದ ಆಟ. ಎಳೆಯರಿಗಾಗಿ ಮಾತ್ರ ಚುಟುಕಾಗಿ ಹೇಳುತ್ತೇನೆ. ಸಂಗಣ್ಣ ಒಬ್ಬ ಸ್ಥಿತಿವಂತ ತರುಣ. ಬಾಳಪ್ಪ ಅವನ ಗೆಳೆಯ. ಈರಣ್ಣ ವ್ಯಾಪಾರಸ್ಥ. ಈರಣ್ಣನ ಹೆಂಡತಿ ಗಂಗಾಳ ಮೇಲೆ ಸಂಗಣ್ಣನ ಮನಸ್ಸು ಹರಿಯಿತು. ಒಬ್ಬ ಮುದುಕಿ ನಡುವೆ ನಿಂತು ಇಬ್ಬರನ್ನೂ ಕೂಡಿಸಿದಳು. ಗುಟ್ಟು ಹೊರಬಿತ್ತು. ಬಾಳಪ್ಪ ಆಸೆಗೆ ಬಿದ್ದು ಗೆಳೆಯನನ್ನೇ ಒಪ್ಪಿಸಿಬಿಟ್ಟ. ಈರಣ್ಣನೂ ಅವನ ತಮ್ಮಂದಿರೂ ಸೇರಿ ಸಂಗಣ್ಣನನ್ನು ಕೊಂದರು.

ಇದು ಬೈಲಹೊಂಗಲದಲ್ಲೇ ನಡೆದ ಸಂಗತಿ ಎಂದು ನಮ್ಮ ಭಾಗದವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಹತ್ತಿರದ ಬೈಲವಾಡದ ಪತ್ತಾರ ಮಾಸ್ತರರು ಅದನ್ನು ಸಣ್ಣಾಟ ಎಂಬ ಜಾನಪದ ಹಾಡು-ನಾಟಕವಾಗಿ ಕಟ್ಟಿದರು. ಊರೂರು ಅದನ್ನು ಆಡಿದವು. ಮುಂದೆ ಚಂದ್ರಶೇಖರ ಕಂಬಾರರು ಸಂಪಾದಿಸಿ ಅಚ್ಚಿಗೆ ತಂದ ಮೇಲೆ ಅದು ನಾಡಿನ ರಂಗಭೂಮಿಗೂ ಹೋಯಿತು.

ನನ್ನ ಇಂದಿನ ವಿಷಯ ರಿಯಾಲಿಟಿ ಶೋ. ಟಿ.ವಿ. ಎದುರು ನಾವು ರಾತ್ರಿ ಕೂತು ನೋಡುವ ಆ ಹಾಡಿನ ಸ್ಪರ್ಧೆ, ಆ ನಗೆಯ ಸ್ಪರ್ಧೆ, ಒಂದೇ ಮನೆಯಲ್ಲಿ ಹತ್ತಾರು ಜನರನ್ನು ಕೂಡಿಹಾಕುವ ಬಿಗ್ ಬಾಸ್. ಇವುಗಳ ಮಾತು ಬಂದಾಗ ಹಿರಿಯರು ಸಿಟ್ಟಿನಿಂದ ಒಂದು ಮಾತು ಹೇಳುತ್ತಾರೆ. "ಮಂದಿ ಮನಿ ಜಗಳಾ ನೋಡೋ ಚಟಾ ಹಚ್ಯಾರ್ರೀ ಇವ್ರು" ಎನ್ನುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಚಟ ಟಿ.ವಿ.ಯಿಂದ ಹುಟ್ಟಿದ್ದಲ್ಲ. ನಿಜವಾಗಿ ನಡೆದದ್ದನ್ನು ಆಟ ಮಾಡಿ ನೋಡುವ ಆಸೆ ನಮ್ಮ ಸೀಮೆಗೆ ಬಹಳ ಹಳೆಯದು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೆ ಹಾಕಿದ್ದು 1831ರಲ್ಲಿ. ಅವನ ಮೇಲೆ ಲಾವಣಿ ಹುಟ್ಟಿ, ಬಾಯಿಂದ ಬಾಯಿಗೆ ಹಾದುಬಂತು. 1880ರ ದಶಕದಲ್ಲಿ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಅಚ್ಚು ಹಾಕಿಸುವ ಹೊತ್ತಿಗೆ, ಅದು ಜನರ ನಾಲಿಗೆಯ ಮೇಲೆ ನೆಲೆನಿಂತ ಹಾಡಾಗಿತ್ತು.

ಸ್ಪರ್ಧೆಯೂ ನಮಗೆ ಹೊಸದಲ್ಲ. ರಾಮದುರ್ಗ ತಾಲ್ಲೂಕಿನ ಹುಲಕುಂದ ಗೀಗೀ ಕವಿಗಳ ಊರು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಹುಲಕುಂದದ ಹಾಡುಗಳು ಹಳ್ಳಿಹಳ್ಳಿಗೆ ಹೋದವು. ಗೀಗೀ ಮೇಳದಲ್ಲಿ ಹರದೇಶಿ-ನಾಗೇಶಿ ಎಂದು ಎರಡು ಪಕ್ಷ. ಒಂದು ಪಕ್ಷದವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಬೇಕು. ಇನ್ನೊಂದು ಪಕ್ಷದವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ಸ್ಥಳದಲ್ಲೇ ಪದ ಕಟ್ಟುವ ಶಕ್ತಿ ಇರಬೇಕು. ಕೇಳುವವರೇ ತೀರ್ಪುಗಾರರು. ಜವಾಬು ಸರಿ ಹೊಂದದಿದ್ದರೆ ಸಭೆಯೇ ಗದ್ದಲ ಎಬ್ಬಿಸುತ್ತಿತ್ತು. ಆದರೆ ಸೋತ ಮೇಳವನ್ನು ನಡುರಾತ್ರಿ ಎಬ್ಬಿಸಿ ಮನೆಗೆ ಕಳಿಸುತ್ತಿರಲಿಲ್ಲ. ಅವರಿಗೂ ಊಟ ಇತ್ತು, ವೀಳ್ಯ ಇತ್ತು, ಮುಂದಿನ ಜಾತ್ರೆಯ ಕರೆ ಇತ್ತು.

ಇಷ್ಟು ಹೊತ್ತು ಹೇಳಿದ್ದು ಇದು: ನಿಜ ಜೀವನವನ್ನು ಆಟವಾಗಿ ನೋಡುವುದು, ಸ್ಪರ್ಧೆ ಕೂತು ಕೇಳುವುದು, ಎರಡೂ ನಮ್ಮ ನೆಲದಲ್ಲೇ ಇದ್ದವು. ಹಾಗಾದರೆ ಟಿ.ವಿ. ತಂದ ಹೊಸದೇನು? ಅದಕ್ಕೆ ಟಿ.ವಿ. ನಮ್ಮ ಮನೆಯೊಳಗೆ ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಆಗ ಊರಿಗೆ ಒಂದೋ ಎರಡೋ ಟಿ.ವಿ. 1987ರಲ್ಲಿ ರಾಮಾಯಣ ಬಂದಾಗ ಭಾನುವಾರ ಬೆಳಿಗ್ಗೆ ಅಂಥ ಮನೆಗಳ ಪಡಸಾಲೆ ತುಂಬುತ್ತಿತ್ತು. 1994ರಲ್ಲಿ ಉದಯ ಟಿ.ವಿ. ಬಂತು. 2000ದಲ್ಲಿ ಈಟಿವಿ ಕನ್ನಡ ಬಂತು. ಅದೇ ವರ್ಷ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ನರ ಕೌನ್ ಬನೇಗಾ ಕರೋಡ್‌ಪತಿ ಶುರುವಾಯಿತು. ಸಾಮಾನ್ಯ ಮನುಷ್ಯನೊಬ್ಬ ಬೆಳಕಿನ ಕುರ್ಚಿಯಲ್ಲಿ ಕೂತು ಲಕ್ಷಗಟ್ಟಲೆ ಗೆಲ್ಲುವುದನ್ನು ದೇಶ ಮೊದಲ ಸಲ ನೋಡಿತು. ಕನ್ನಡದಲ್ಲಿ ಅದರ ರೂಪ 2012ರಲ್ಲಿ ಬಂತು. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ಕನ್ನಡದ ಕೋಟ್ಯಧಿಪತಿ ಅದು.

ಅದಕ್ಕಿಂತ ಮುಂಚೆಯೇ ನಮಗೆ ಇನ್ನೊಂದು ಕಾರ್ಯಕ್ರಮ ಗೊತ್ತಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಎದೆ ತುಂಬಿ ಹಾಡುವೆನು. ಅದೂ ಸ್ಪರ್ಧೆಯೇ. ಅಲ್ಲಿಯೂ ಗೆದ್ದವರಿದ್ದರು, ಸೋತವರಿದ್ದರು. ಆದರೆ ಎಸ್‌ಪಿಬಿ ಹಾಡಿದ ಮಗುವಿಗೆ ಆ ಹಾಡಿನ ಹುಟ್ಟು ಹೇಳುತ್ತಿದ್ದರು. ಬರೆದ ಕವಿಯ ಹೆಸರು, ಸಂಗೀತ ಕೂಡಿಸಿದವರ ಹೆಸರು ಹೇಳುತ್ತಿದ್ದರು. ಶ್ರುತಿ ಎಲ್ಲಿ ಜಾರಿತು ಎಂದು ಮೆಲ್ಲಗೆ ತಾವೇ ಹಾಡಿ ತೋರಿಸುತ್ತಿದ್ದರು. ಸೋತ ಮಗು ಏನನ್ನೋ ಕಲಿತುಕೊಂಡು ಇಳಿಯುತ್ತಿತ್ತು. ಸ್ಪರ್ಧೆಯನ್ನು ಹಾಗೂ ನಡೆಸಬಹುದು ಎಂಬುದಕ್ಕೆ ನಾನು ಬೇರೆ ಸಾಕ್ಷಿ ಹುಡುಕುವುದಿಲ್ಲ.

ಆಮೇಲೆ 2013ರಲ್ಲಿ ಕನ್ನಡಕ್ಕೆ ಬಿಗ್ ಬಾಸ್ ಬಂತು. ಅದರ ಮೂಲ ನೆದರ್ಲೆಂಡ್ಸ್ ದೇಶ, 1999ನೆಯ ಇಸವಿ. ಕನ್ನಡದಲ್ಲಿ ಮೊದಲಿನಿಂದಲೂ ನಟ ಸುದೀಪ್ ಅವರೇ ನಡೆಸಿಕೊಡುತ್ತ ಬಂದರು. ಮೊದಲ ಎರಡು ಸಲದ ಮನೆ ಇದ್ದದ್ದು ಕರ್ನಾಟಕದಲ್ಲಲ್ಲ, ಮಹಾರಾಷ್ಟ್ರದ ಲೋಣಾವಳದಲ್ಲಿ. ಕಿಟಕಿಯ ಆಚೆ ಏನಿದೆ ಎಂದು ಕಾಣದ ಮನೆ. ಗಡಿಯಾರವಿಲ್ಲ, ಫೋನಿಲ್ಲ, ಪೇಪರಿಲ್ಲ. ಗೋಡೆಗೋಡೆಗೂ ಕ್ಯಾಮೆರಾ. ಕಾಣದ ಒಬ್ಬರ ದನಿ ಮಾತ್ರ ಆಗಾಗ ಮೇಲಿನಿಂದ ಅಪ್ಪಣೆ ಕೊಡುತ್ತದೆ.

ಈಗ ನಮ್ಮ ಹಳ್ಳಿಗಳ ಪಾಲಿಗೆ ಬಹಳ ಮುಖ್ಯವಾದ ಒಂದು ಬದಲಾವಣೆ ಹೇಳುತ್ತೇನೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕಲು ಆಯ್ದ ಮನೆಗಳ ಟಿ.ವಿ.ಗೆ ಒಂದು ಮೀಟರ್ ಕೂಡಿಸುತ್ತಾರೆ. ಅದರಿಂದ ಬರುವ ಅಂಕಿಯನ್ನೇ ನಾವು ಟಿಆರ್‌ಪಿ ಎನ್ನುತ್ತೇವೆ. ಜಾಹೀರಾತಿನ ದರ ಅದರ ಮೇಲೆ ನಿಂತಿದೆ. ಬಹಳ ವರ್ಷ ಈ ಮೀಟರುಗಳು ಪಟ್ಟಣದ ಮನೆಗಳಲ್ಲಿ ಮಾತ್ರ ಇದ್ದವು. ಬಾರ್ಕ್ ಎಂಬ ಹೊಸ ಸಂಸ್ಥೆ ಬಂದು, 2015ರ ಅಕ್ಟೋಬರ್‌ನಿಂದ ಹಳ್ಳಿಯ ಮನೆಗಳ ಅಂಕಿಯನ್ನೂ ಕೊಡತೊಡಗಿತು. ಆ ದಿನದಿಂದ ಹಳ್ಳಿಯ ಕಣ್ಣಿಗೆ ಬೆಲೆ ಬಂತು.

ಅದರ ಮರುವರ್ಷ, 2016ರಲ್ಲಿ, ಜೀ ಕನ್ನಡದಲ್ಲಿ ಡ್ರಾಮಾ ಜೂನಿಯರ್ಸ್ ಬಂತು, ಕಾಮಿಡಿ ಕಿಲಾಡಿಗಳು ಬಂತು. ಜಿಲ್ಲೆಜಿಲ್ಲೆಯಲ್ಲಿ ಆಡಿಷನ್ ನಡೆದವು. ಕ್ಯಾಮೆರಾ ನಮ್ಮ ಕಡೆ ತಿರುಗಲು ಆ ಮೀಟರೇ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ. ಮುರಗೋಡದ ಸಂಜು ಬಸಯ್ಯ ಕಾಮಿಡಿ ಕಿಲಾಡಿಗಳ ಮೂಲಕ ಕರ್ನಾಟಕಕ್ಕೆಲ್ಲ ಪರಿಚಯವಾದರು. ಅವರು ಬಾಯಿ ಬಿಟ್ಟರೆ ನಮ್ಮ ಮಾತು. "ಹೌದಲ್ರೀ", "ಏನಂತೀರಿ", "ಬರ್ರಲಾ". ಅದೇ ಮಾತು ಬೆಂಗಳೂರಿನ ಸ್ಟುಡಿಯೋದಲ್ಲಿ ಮೊಳಗಿತು.

ಇದು ಸಣ್ಣ ಸಂಗತಿಯಲ್ಲ. ಉತ್ತರ ಕರ್ನಾಟಕದ ಮಾತನ್ನು ಸಿನಿಮಾ ಹೇಗೆ ಬಳಸಿತು ಎಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ಬಹಳ ಸಲ ಕೇಡಿಗನ ಬಾಯಲ್ಲಿ, ಇಲ್ಲವೇ ನಕ್ಕು ಬಿಡಬೇಕಾದ ಪೆದ್ದನ ಬಾಯಲ್ಲಿ. ನಮ್ಮ ಹುಡುಗರು ಬೆಂಗಳೂರಿಗೆ ಓದಲು ಹೋದರೆ, ಮೊದಲ ತಿಂಗಳಲ್ಲೇ ಮಾತು ಬದಲಿಸಿಕೊಳ್ಳುತ್ತಿದ್ದರು. ಈಗ ಅದೇ ಮಾತಿಗೆ ಚಪ್ಪಾಳೆ ಬೀಳುತ್ತದೆ. ಈ ಒಂದು ಕಾರಣಕ್ಕೆ ನಾನು ರಿಯಾಲಿಟಿ ಶೋಗಳನ್ನು ಸಾರಾಸಗಟಾಗಿ ತಳ್ಳಿಹಾಕಲಾರೆ.

ಹಳ್ಳಿಗೆ ಬೆಲೆ ಬಂತು, ನಮ್ಮ ಮಾತಿಗೆ ವೇದಿಕೆ ಸಿಕ್ಕಿತು ಎಂಬಲ್ಲಿಗೆ ಬಂದೆವು. ಈಗ ಅದೇ ವೇದಿಕೆಯ ಮೇಲೆ ನಿಂತ ಒಬ್ಬ ಹುಡುಗನ ಮಾತು.

ಹಾವೇರಿ ಜಿಲ್ಲೆ, ಸವಣೂರು ತಾಲ್ಲೂಕು, ಚಿಲ್ಲೂರ ಬಡ್ನಿ. ಅಲ್ಲಿಯ ಕುರಿ ಕಾಯುವ ಹುಡುಗ ಹನುಮಂತ ಲಮಾಣಿ 2018ರಲ್ಲಿ ಸರಿಗಮಪ ವೇದಿಕೆಗೆ ಬಂದರು. ಲುಂಗಿ, ಅಂಗಿ, ಹೆಗಲ ಮೇಲೆ ಟವೆಲ್. ಗುರುವಿನ ಮುಂದೆ ಕೂತು ಕಲಿತ ಸಂಗೀತವಲ್ಲ, ಕೇಳಿ ಕೇಳಿ ಕಲಿತದ್ದು. ಕೊನೆಯ ಸುತ್ತಿನಲ್ಲಿ ಎರಡನೆಯ ಸ್ಥಾನ ಬಂತು. ಆರು ವರ್ಷದ ನಂತರ ಬಿಗ್ ಬಾಸಿನ ಹನ್ನೊಂದನೆಯ ಆವೃತ್ತಿಗೆ ಹೋದರು. ಎಲ್ಲರ ಜೊತೆ ಮೊದಲ ದಿನ ಹೋದದ್ದಲ್ಲ, ಆಟ ಶುರುವಾಗಿ ಕೆಲವು ವಾರಗಳಾದ ಮೇಲೆ ನಡುವೆ ಸೇರಿದವರು. 2025ರ ಜನವರಿಯಲ್ಲಿ ಗೆದ್ದೇಬಿಟ್ಟರು. ಬಹುಮಾನ 50 ಲಕ್ಷ ರೂಪಾಯಿ. ಬಂದ ಓಟು 5 ಕೋಟಿಗೂ ಹೆಚ್ಚು ಎಂದು ವೇದಿಕೆಯ ಮೇಲೆ ಸಾರಿದರು.

ಈ ಅಂಕಿಯ ಹತ್ತಿರ ಒಂದು ನಿಮಿಷ ನಿಲ್ಲೋಣ. 2023ರ ವಿಧಾನಸಭೆ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರು ಸುಮಾರು 5 ಕೋಟಿ 30 ಲಕ್ಷ. ಮತಗಟ್ಟೆಗೆ ಹೋಗಿ ಓಟು ಹಾಕಿದವರು 4 ಕೋಟಿಗೆ ಸ್ವಲ್ಪ ಕಡಿಮೆ. ಅಂದರೆ ನಮ್ಮ ಸರಕಾರ ಆರಿಸಲು ಬಿದ್ದ ಓಟಿಗಿಂತ ಹೆಚ್ಚು ಓಟು ಆ ಒಬ್ಬ ಹುಡುಗನಿಗೆ ಬಿದ್ದವು. ಮೊಬೈಲಿನಲ್ಲಿ ಒಬ್ಬರೇ ಹಲವು ಓಟು ಹಾಕಬಹುದು, ಆದ್ದರಿಂದ ಅಷ್ಟು ಕೋಟಿ ಜನ ಎಂದು ಅರ್ಥವಲ್ಲ. ಆದರೂ ಅದರೊಳಗಿನ ಪ್ರೀತಿ ಸುಳ್ಳಲ್ಲ. ಯಾವ ಹಿನ್ನೆಲೆಯೂ ಇಲ್ಲದ ಹಳ್ಳಿ ಹುಡುಗ ಗೆದ್ದನೆಂದು ನಮ್ಮ ಕಡೆ ಪಟಾಕಿ ಹಾರಿಸಿದವರಲ್ಲಿ, ತಮ್ಮ ಮಗನೇ ಗೆದ್ದನೆಂಬ ಸಂತೋಷವಿತ್ತು.

ನನ್ನ ಚಿಂತೆ ಬೇರೆ. ಬೆರಳ ತುದಿಯ ಒಂದು ಒತ್ತಿನಲ್ಲಿ ನಾವು ಒಬ್ಬರನ್ನು ಉಳಿಸುತ್ತೇವೆ, ಒಬ್ಬರನ್ನು ಹೊರಗೆ ಹಾಕುತ್ತೇವೆ. ಯಾವ ಆಧಾರದ ಮೇಲೆ? ಟಿ.ವಿ. ತೋರಿಸಿದ್ದರ ಆಧಾರದ ಮೇಲೆ. ಟಿ.ವಿ. ಎಷ್ಟು ತೋರಿಸಿತು? ಲೆಕ್ಕ ಹಾಕಿ ನೋಡಿ. ಆ ಮನೆಯಲ್ಲಿ ದಿನದ 24 ಗಂಟೆಯೂ ಕ್ಯಾಮೆರಾ ತಿರುಗುತ್ತದೆ. ರಾತ್ರಿ ನಮಗೆ ಸಿಗುವುದು ಸಾಮಾನ್ಯವಾಗಿ ಒಂದೂವರೆ ಗಂಟೆ. ಅದರಲ್ಲೂ ಜಾಹೀರಾತು ಇದೆ. ಒಂದೇ ಕ್ಯಾಮೆರಾ ಎಂದು ಹಿಡಿದರೂ ಹದಿನಾರರಲ್ಲಿ ಒಂದು ಪಾಲು ಮಾತ್ರ ನಮ್ಮ ಕಣ್ಣಿಗೆ ಬಿತ್ತು. ಅಲ್ಲಿರುವುದು ಹತ್ತಾರು ಕ್ಯಾಮೆರಾ. ಉಳಿದದ್ದೆಲ್ಲ ಕತ್ತರಿಗೆ ಹೋಯಿತು.

ಕತ್ತರಿ ಹಿಡಿದವರು ಏನು ಉಳಿಸಿಕೊಳ್ಳುತ್ತಾರೆ? ಹನ್ನೆರಡು ಜನ ಸುಮ್ಮನೆ ಕೂತು ತರಕಾರಿ ಹೆಚ್ಚಿದ ಎರಡು ತಾಸನ್ನು ಉಳಿಸುವುದಿಲ್ಲ. ಹೆಚ್ಚುತ್ತ ಹೆಚ್ಚುತ್ತ ಒಬ್ಬಳು ಸಿಡುಕಿದ ಅರ್ಧ ನಿಮಿಷವನ್ನು ಉಳಿಸುತ್ತಾರೆ. ಅದರ ಮುಂದೆ ಇನ್ನೊಬ್ಬರ ಮುಖ ಜೋಡಿಸುತ್ತಾರೆ. ಆ ಮುಖ ಅದೇ ಹೊತ್ತಿನದು ಆಗಿರಲೇಬೇಕೆಂದಿಲ್ಲ. ಕೆಳಗೆ ಒಂದು ಸಂಗೀತ ಹಾಕುತ್ತಾರೆ. ಮಾತಿಗಿಂತ ಮೊದಲು ಆ ಸಂಗೀತ ನಮ್ಮ ಎದೆಗೆ ಹೇಳಿಬಿಡುತ್ತದೆ, ಇವಳು ಕೆಟ್ಟವಳು, ಇವನು ಪಾಪದವನು ಎಂದು. ಅದೇ ಅರ್ಧ ನಿಮಿಷ ಮಧ್ಯಾಹ್ನವೇ ಪ್ರೋಮೋ ಆಗಿ ಮೊಬೈಲಿಗೆ ಬಂದಿರುತ್ತದೆ. ರಾತ್ರಿಯ ಹೊತ್ತಿಗೆ ನಾವು ತೀರ್ಪು ಕೊಟ್ಟು ಕೂತಿರುತ್ತೇವೆ.

ಬೈಲವಾಡದ ಸಣ್ಣಾಟಕ್ಕೂ ಇದಕ್ಕೂ ಇರುವ ಅಂತರ ನನಗೆ ಇಲ್ಲಿ ಕಾಣುತ್ತದೆ. ಪತ್ತಾರ ಮಾಸ್ತರರೂ ಆಯ್ದುಕೊಂಡರು, ಕತ್ತರಿಸಿದರು, ಹಾಡು ಸೇರಿಸಿದರು. ಆದರೆ ನೋಡುವವನಿಗೆ ಅದು ಆಟ ಎಂದು ಗೊತ್ತಿತ್ತು. ಗಂಗಾಳ ಪಾತ್ರದವನು ಬಹಳ ಸಲ ಬಣ್ಣ ಹಚ್ಚಿದ ಗಂಡಸು. ಎದುರಿಗೆ ಹಾರ್ಮೋನಿಯಂ ಇತ್ತು, ಹಿಮ್ಮೇಳವಿತ್ತು. ಬೆಳಗಾದ ಮೇಲೆ ಆ ಸೀರೆ ಉಟ್ಟವನೇ ಹೊಲಕ್ಕೆ ಹೋಗುತ್ತಿದ್ದ. ಆಟದಲ್ಲಿ ಪ್ರತಿಯೊಬ್ಬರಿಗೂ ತಮ್ಮ ಸಂಕಟ ಹೇಳಿಕೊಳ್ಳಲು ಪದಗಳಿದ್ದವು. ಗಂಗಾ ಹಾಡುತ್ತಾಳೆ, ಈರಣ್ಣ ಹಾಡುತ್ತಾನೆ, ಬಾಳಪ್ಪನೂ ಹಾಡುತ್ತಾನೆ. ನೋಡಿದವರು ಒಬ್ಬರನ್ನು ಹೊರಹಾಕಲು ಬಂದಿರಲಿಲ್ಲ. ಸತ್ತವನಿಗೂ ಮರುಗಿದರು, ಕೊಂದವನಿಗೂ ಮರುಗಿದರು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲು ಬಂದಿಲ್ಲ. ಆ ಘಟನೆಯ ಮನೆತನದವರು ತಮ್ಮ ಮನೆಯ ಹೆಸರು ಅಟ್ಟದ ಮೇಲೆ ಕೂಗಿದ್ದನ್ನು ಕೇಳಿ ಎಷ್ಟು ನೊಂದಿರಬೇಕು. ಗಂಗಾಳಂಥ ಹೆಣ್ಣುಮಗಳ ಬಾಯಿಂದ ಆ ಕಥೆ ಬಂದಿದ್ದರೆ ಹೇಗಿರುತ್ತಿತ್ತು. ಆ ಪ್ರಶ್ನೆಗಳು ಸಣ್ಣಾಟಕ್ಕೂ ಇವೆ. ಆದರೆ ಟಿ.ವಿ.ಯಲ್ಲಿ ಆ ಪ್ರಶ್ನೆ ಹತ್ತು ಪಟ್ಟು ಭಾರವಾಗುತ್ತದೆ. ಯಾಕೆಂದರೆ ಅಲ್ಲಿ ಪಾತ್ರವೂ ಮನುಷ್ಯನೂ ಒಬ್ಬರೇ. ಬಣ್ಣ ತೊಳೆದು ಮನೆಗೆ ಹೋಗುವ ಸೌಲಭ್ಯ ಇಲ್ಲ.

ಅದನ್ನು ಹೆಗ್ಗಡದೇವನಕೋಟೆಯ ರಾಜೇಶನ ವಿಷಯದಲ್ಲಿ ನಾವು ನೋಡಿದ್ದೇವೆ. ಸುಮಾರು 2010ರ ಹೊತ್ತಿಗೆ ಸುವರ್ಣ ವಾಹಿನಿಯಲ್ಲಿ ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು, ಅದರ ಹಿಂದೆಯೇ ಹಳ್ಳಿ ಹೈದ ಪ್ಯಾಟೆಗ್ ಬಂದ ಎಂಬ ಕಾರ್ಯಕ್ರಮಗಳು ಬಂದವು. ಪಟ್ಟಣದ ಹುಡುಗಿಯರು ಸಗಣಿ ಎತ್ತಲು ಒದ್ದಾಡುವುದು, ಹಳ್ಳಿಯ ಹುಡುಗರು ಪಟ್ಟಣದಲ್ಲಿ ತಬ್ಬಿಬ್ಬಾಗುವುದು, ಇವೇ ಅಲ್ಲಿಯ ತಮಾಷೆ. ಕಾಡಂಚಿನ ಹಾಡಿಯಿಂದ ಬಂದ ಬುಡಕಟ್ಟು ತರುಣ ರಾಜೇಶ್ ಎರಡನೆಯದರಲ್ಲಿ ಗೆದ್ದರು. ಮನೆಮಾತಾದರು. ಒಂದು ಸಿನಿಮಾದ ನಾಯಕರೂ ಆದರು. ಆಮೇಲೆ ಮನಸ್ಸಿನ ತೊಂದರೆಗೆ ಚಿಕಿತ್ಸೆ ಬೇಕಾಯಿತು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು. ಇಂಥದೇ ಕಾರಣ ಎಂದು ಬೆರಳು ತೋರಿಸುವ ಹಕ್ಕು ನನಗಿಲ್ಲ. ಆದರೆ ನೋಡಿ ನಕ್ಕ ನಾವು, ಓಟು ಹಾಕಿ ಗೆಲ್ಲಿಸಿದ ನಾವು, ಆ ಹುಡುಗ ಮುಂದೆ ಹೇಗಿದ್ದಾನೆ ಎಂದು ಕೇಳಲಿಲ್ಲ. ನಾವು ಆಗಲೇ ಮುಂದಿನ ಆವೃತ್ತಿ ನೋಡುತ್ತಿದ್ದೆವು.

ಇಷ್ಟರಲ್ಲಿ ಎರಡು ಮಾತು ಆಯಿತು. ನಾವು ನೋಡುವುದು ಆಯ್ದು ಜೋಡಿಸಿದ ಜೀವನ, ಅದೊಂದು. ಆಟ ಮುಗಿದ ಮೇಲೂ ಅದರೊಳಗಿನ ಮನುಷ್ಯ ಬದುಕಬೇಕು, ಅದು ಎರಡನೆಯದು. ಈಗ ಇದು ನಮ್ಮ ಮನೆಗಳಲ್ಲಿ ಏನು ಮಾಡುತ್ತಿದೆ ಎಂಬುದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು, ಹಿಂದೆ ಒಬ್ಬ ನಟನ ಹೆಸರು ಹೇಗೆ ಬೆಳೆಯುತ್ತಿತ್ತು ಎಂದು ನೋಡೋಣ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ರಂಗನಟ ಏಣಗಿ ಬಾಳಪ್ಪನವರನ್ನು ಬಲ್ಲಿರಿ. ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗ ಹೆಣ್ಣು ಪಾತ್ರ ಮಾಡಿದರು. ಬೆಳೆದ ಮೇಲೆ ನಾಯಕ ಪಾತ್ರ. ಆಮೇಲೆ ಕಲಾವೈಭವ ನಾಟ್ಯಸಂಘ ಎಂಬ ತಮ್ಮದೇ ಕಂಪನಿ ನಡೆಸಿದರು. ಬಸವಣ್ಣನ ಪಾತ್ರಕ್ಕೆ ಹೆಸರಾದರು. ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಮುಕ್ಕಾಂ. ಹಗಲು ಅದೇ ಊರಿನ ಚಹಾದಂಗಡಿಯಲ್ಲಿ ಕೂಡುವ ನಟ ರಾತ್ರಿ ಬಸವಣ್ಣ. ಪ್ರೇಕ್ಷಕನಿಗೂ ನಟನಿಗೂ ನಡುವೆ ಪರಿಚಯವಿತ್ತು. ನಟನ ಹೆಸರು ಬೆಳೆಯಲು ಹಲವು ವರ್ಷ ಹಿಡಿಯಿತು, ಅದಕ್ಕೇ ಅದು ಬಹಳ ಕಾಲ ಬಾಳಿತು.

ಈಗ ನಮ್ಮ ಮಕ್ಕಳ ಕಣ್ಣ ಮುಂದೆ ಇರುವುದು ಮೂರು ತಿಂಗಳ ಹೆಸರು. ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹೋಗಿ ನೋಡಿ. ಆರು ವರ್ಷದ ಹುಡುಗಿ ಸಿನಿಮಾ ಹಾಡಿಗೆ ದೊಡ್ಡವರ ಹಾಗೆ ಕುಣಿಯುತ್ತಾಳೆ, ಮುಗಿಸಿ ಎದುರಿಗೆ ಕೂತ ಮಾಸ್ತರರ ಮುಖವನ್ನು ತೀರ್ಪುಗಾರರ ಮುಖವೆಂಬಂತೆ ನೋಡುತ್ತಾಳೆ. ಮನೆಯಲ್ಲಿ ಅಣ್ಣತಮ್ಮಂದಿರು ಜಗಳಾಡಿದರೆ "ನೀ ಎಲಿಮಿನೇಟ್" ಎನ್ನುತ್ತಾರೆ. ಸಣ್ಣ ಮಕ್ಕಳ ಬಾಯಲ್ಲಿ ಈ ಮಾತು ನನಗೆ ಆಟದ ಹಾಗೆ ಕೇಳುವುದಿಲ್ಲ. ತನಗಾಗದವನನ್ನು ಮನೆಯಿಂದ ಹೊರಗೆ ಹಾಕಬಹುದು ಎಂಬ ಯೋಚನೆಯನ್ನು ಮಗು ನಿತ್ಯ ರಾತ್ರಿ ಟಿ.ವಿ.ಯಲ್ಲಿ ನೋಡುತ್ತಿದೆ. ಜೊತೆಗಿದ್ದವರ ಹೆಸರನ್ನು ಕಾರಣ ಕೊಟ್ಟು ಸೂಚಿಸುವುದು ಅಲ್ಲಿಯ ನಿಯಮ. ಒಂದೇ ತಾಟಿನಲ್ಲಿ ಉಂಡವರನ್ನು ದೂರುವುದನ್ನು ಕಲೆಯನ್ನಾಗಿ ಮಾಡಿದ್ದಾರೆ.

ದೊಡ್ಡವರ ಮೇಲೂ ಆಗಿದೆ. ಸೊಸೆ-ಅತ್ತೆಯ ತಕರಾರನ್ನು ಸ್ಟುಡಿಯೋಕ್ಕೆ ಒಯ್ದು, ಸಾವಿರಾರು ಜನರೆದುರು ಇತ್ಯರ್ಥ ಮಾಡುವ ಕಾರ್ಯಕ್ರಮಗಳೂ ನಡುವೆ ಬಂದುಹೋದವು. ನಮ್ಮಲ್ಲಿ ಹಿರಿಯರು ಪಡಸಾಲೆಯಲ್ಲಿ ಕೂತು ಬಗೆಹರಿಸುತ್ತಿದ್ದ ಸಂಗತಿ ಅದು. ಆ ಹಿರಿಯರು ಯಾವಾಗಲೂ ನ್ಯಾಯವನ್ನೇ ಹೇಳಿದರು ಎಂದಲ್ಲ. ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದ್ದೇ ಹೆಚ್ಚು. ಅದಕ್ಕೇ ಟಿ.ವಿ.ಯ ಎದುರು ಮಾತಾಡಿದ ಹೆಂಗಸಿನ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಮರುದಿನ ಅವಳು ಅದೇ ಓಣಿಗೆ ಮರಳಬೇಕು. ಓಣಿಯವರೆಲ್ಲ ನೋಡಿರುತ್ತಾರೆ. ಈಗ ಯೂಟ್ಯೂಬಿನಲ್ಲಿ ಹತ್ತು ವರ್ಷವಾದರೂ ಅಳಿಯದೆ ಉಳಿದಿರುತ್ತದೆ.

ಸರಕಾರದ ಕಡೆಯಿಂದ ಅಂಕುಶವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಸ್ವಲ್ಪ ಇದೆ. 2024ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಭಾಗ ಮಾಡಿದ್ದರು. ನರಕದ ಭಾಗದವರ ಊಟ, ಹೆಣ್ಣುಮಕ್ಕಳ ಮರ್ಯಾದೆಯ ಬಗ್ಗೆ ದೂರು ಬಂತು. ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಮುಂದೆ ಆ ನರಕವನ್ನು ತೆಗೆದರು. ಮಾತಾಡಿದರೆ ಆಗುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ಮಕ್ಕಳ ವಿಷಯದಲ್ಲಂತೂ ಬರೆದಿಟ್ಟ ಕಾನೂನೇ ಇದೆ. ಡ್ರಾಮಾ, ಹಾಡು, ಕುಣಿತ ಎಂದು ಮಕ್ಕಳನ್ನು ಕರೆದುಕೊಂಡು ಆಡಿಷನ್ನಿಗೆ ಹೊರಟಿರುವ ತಂದೆತಾಯಂದಿರೆ, ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ನಿಯಮಗಳು ಬಂದವು. ಅದರ ಪ್ರಕಾರ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿ ಕೊಡದೆ 3 ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಕಾರ್ಯಕ್ರಮ ಮಾಡುವವರು ಜಿಲ್ಲಾಧಿಕಾರಿಯ ಅನುಮತಿ ಪಡೆದಿರಬೇಕು. ಸತತವಾಗಿ 27 ದಿನ ಮೀರಿ ಮಗುವನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಶಾಲೆ ತಪ್ಪಬಾರದು. ಮಗು ಗಳಿಸಿದ್ದರಲ್ಲಿ ನೂರಕ್ಕೆ 20 ರೂಪಾಯಿಗೆ ಕಡಿಮೆಯಿಲ್ಲದಂತೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು. ಆ ಹಣ ಮಗು ವಯಸ್ಸಿಗೆ ಬಂದಾಗ ಅದರ ಕೈಗೆ ಬರಬೇಕು. ಇದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಯಾರ ಹತ್ತಿರವೂ ಬೇಡುವ ಮಾತಲ್ಲ.

ಕಾನೂನಿನ ಮಾತು ಬಂತು, ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ವೇದಿಕೆಯ ಮೇಲೆ 50 ಲಕ್ಷದ ದೊಡ್ಡ ಚೆಕ್ಕು ಹಿಡಿಸಿ ಫೋಟೊ ತೆಗೆಯುತ್ತಾರೆ. ಇಂಥ ಬಹುಮಾನದ ಮೇಲೆ ಆದಾಯ ತೆರಿಗೆ ನೂರಕ್ಕೆ 30. ಅದರ ಮೇಲೆ ಸೆಸ್ ಬೇರೆ. ಕೊಡುವಾಗಲೇ ತೆರಿಗೆ ಹಿಡಿದು ಕೊಡುತ್ತಾರೆ. 50 ಲಕ್ಷದಲ್ಲಿ ಸುಮಾರು 15ರಿಂದ 16 ಲಕ್ಷ ಅಲ್ಲೇ ಹೋಗುತ್ತದೆ. ಊರಲ್ಲಿ ಮಾತ್ರ 50 ಲಕ್ಷ ಬಂತೆಂದೇ ಸುದ್ದಿ. ಸಾಲ ಕೇಳುವವರು, ಗುಡಿಗೆ ಪಟ್ಟಿ ಕೇಳುವವರು ಆ ಲೆಕ್ಕದಲ್ಲೇ ಬರುತ್ತಾರೆ. ಗೆದ್ದವನ ಮನೆಯವರಿಗೆ ಇದು ಮೊದಲೇ ತಿಳಿದಿರಲಿ. ಗೆಲ್ಲದೆ ಬಂದವರ ಕಷ್ಟ ಬೇರೆ. ಆಡಿಷನ್ನಿಗೆ ಓಡಾಡಲು ಕೆಲಸ ಬಿಟ್ಟಿರುತ್ತಾರೆ. ಊರಿಗೆ ಬಂದರೆ "ಯಾಕೋ, ಹೊರಗ ಹಾಕಿದ್ರಂತಲ್ಲೋ" ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಅವನನ್ನು ಮುಂದಿನ ಜಾತ್ರೆಯ ನಾಟಕಕ್ಕೆ ಕರೆಯಿರಿ.

ಜಾತ್ರೆಯ ಮಾತು ಹೇಳಿದ್ದಕ್ಕೆ ಒಂದು ಕೋರಿಕೆ. ಈಗ ಜಾತ್ರೆ, ಉತ್ಸವಗಳ ವೇದಿಕೆಗೆ ಟಿ.ವಿ.ಯಲ್ಲಿ ಕಂಡವರನ್ನೇ ಕರೆಸುವ ರೂಢಿ ಬಿದ್ದಿದೆ. ಅವರು ಬರಲಿ. ಆದರೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಚೌಡಿಕೆ ಹಿಡಿದು ಹಾಡುವವರಿಗೆ, ರಾಮದುರ್ಗ ಕಡೆಯ ಗೀಗೀ ಮೇಳದವರಿಗೆ, ಬೈಲಹೊಂಗಲ ಕಡೆಯ ಸಣ್ಣಾಟದವರಿಗೆ, ಕಿತ್ತೂರು ಉತ್ಸವದಲ್ಲಾಗಲಿ ನಿಮ್ಮೂರ ಜಾತ್ರೆಯಲ್ಲಾಗಲಿ, ಜನ ಎದ್ದು ಹೋಗುವ ಮುಂಚಿನ ಒಳ್ಳೆಯ ಹೊತ್ತು ಕೊಡಿ. ಟಿ.ವಿ.ಯವರಿಗೆ ಕೊಡುವ ಸಂಭಾವನೆಯಲ್ಲಿ ಕಾಲು ಪಾಲು ಇವರಿಗೆ ಕೊಟ್ಟರೂ ಒಂದು ಮೇಳ ಒಂದು ವರ್ಷ ಉಳಿಯುತ್ತದೆ. ರಿಯಾಲಿಟಿ ಶೋ ನಮ್ಮ ಹುಡುಗರನ್ನು ಆರಿಸಿಕೊಂಡು ಹೋದದ್ದು ಇಂಥ ಮೇಳಗಳಿಂದ, ಭಜನೆಗಳಿಂದ, ಕಂಪನಿ ನಾಟಕಗಳಿಂದ. ಆ ಬೇರುಗಳನ್ನು ಒಣಗಲು ಬಿಟ್ಟರೆ, ಮುಂದಿನ ಆಡಿಷನ್ನಿಗೆ ನಮ್ಮಲ್ಲಿಂದ ಹೋಗುವವರು ಯಾರೂ ಇರುವುದಿಲ್ಲ.

ಕೊನೆಯದಾಗಿ ಒಂದು ಉಪಯೋಗದ ಮಾತು. ನಿಮ್ಮ ಮಗನೋ ಮಗಳೋ ಆಯ್ಕೆಯಾದರೆ, ಒಂದು ಒಪ್ಪಂದದ ಕಾಗದಕ್ಕೆ ಸಹಿ ಕೇಳುತ್ತಾರೆ. ಹಲವು ಪುಟ ಇರಬಹುದು. ಸಂಭ್ರಮದಲ್ಲಿ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಎಷ್ಟು ದಿನ, ಎಷ್ಟು ಸಂಭಾವನೆ, ಆಮೇಲೆ ಬೇರೆ ವಾಹಿನಿಗೆ ಹೋಗಬಹುದೋ ಇಲ್ಲವೋ, ನಿಮ್ಮ ಚಿತ್ರವನ್ನು ಎಲ್ಲಿಯವರೆಗೆ ಬಳಸುತ್ತಾರೆ, ಇದನ್ನೆಲ್ಲ ಓದಿಸಿಕೊಳ್ಳಿ. ಇಂಗ್ಲಿಷಿನಲ್ಲಿದ್ದರೆ ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕೋರ್ಟುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಆ ಕಾಗದವನ್ನು ಅಲ್ಲಿಗೆ ಒಯ್ದು ತೋರಿಸಿ.